ಅಳಿವೆಯಿಂದ ಎರೆಹೊಲಕ್ಕೆ

ನಮ್ಮೂರು ಹೊನ್ನಾವರ. ಹೆಂಡತಿಯ ತವರು ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರದ ಒಂದು ಹಳ್ಳಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ಈ ಎರಡು ಊರುಗಳ ನಡುವೆ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕ ಇಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ನಿದ್ದೆ ತೆಗೆದು ಕಣ್ಣು ಬಿಟ್ಟರೆ ಹೆಂಚಿನ ಮನೆಗಳು ಹೋಗಿ ಮಣ್ಣಿನ ಮಾಳಿಗೆ ಮನೆಗಳು ಬಂದಿರುತ್ತಿದ್ದವು. ಅನ್ನ ಎಲ್ಲಿ ಮುಗಿಯಿತು, ರೊಟ್ಟಿ ಎಲ್ಲಿ ಶುರುವಾಯಿತು ಅನ್ನುವುದು ಕತ್ತಲಲ್ಲೇ ಕಳೆದುಹೋಗುತ್ತಿತ್ತು. ಕಳೆದ ನವೆಂಬರಿನಲ್ಲಿ ಒಂದು ವಾರ ರಜೆ ಸಿಕ್ಕಿತು. ಈ ಸಲ ಹಗಲಲ್ಲೇ, ನಮ್ಮ ಕಾರಿನಲ್ಲೇ, ನೀರಿನ ಜಾಡು ಹಿಡಿದು ಹೋಗೋಣ ಎಂದುಕೊಂಡೆವು. ಶರಾವತಿಯ ಜೊತೆ ಘಟ್ಟ ಹತ್ತುವುದು, ಆಚೆ ವರದೆಯ ಜೊತೆ ಇಳಿಯುವುದು. ಹೊರಡುವಾಗ ಅಮ್ಮ ಡಿಕ್ಕಿಯಲ್ಲಿ ತೆಂಗಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ, ಹಿತ್ತಲಿನ ಕಾಳುಮೆಣಸಿನ ಒಂದು ಗಂಟು ಇಟ್ಟಳು.

ದಿನ 1: ಹೊನ್ನಾವರ

ಹೊರಡುವ ಮುಂಚೆ ಒಂದು ದಿನ ನಮ್ಮೂರನ್ನೇ ನೋಡಿದೆವು. ಕಾಸರಕೋಡಿನ ಕಾಂಡ್ಲಾ ಕಾಡಿನ ಹಲಗೆ ದಾರಿಗೆ ಇಳಿತದ ಹೊತ್ತಿಗೇ ಹೋಗಬೇಕು. ಆಗ ಬೇರುಗಳು ಕೆಸರಿನಿಂದ ಮೇಲೆದ್ದು ಕಾಣುತ್ತವೆ, ಬೇರಿನ ಸಂದಿಯಲ್ಲಿ ಕೆಂಪು ಕೊಂಬಿನ ಏಡಿಗಳು ಓಡಾಡುತ್ತವೆ. ದೋಣಿಯವರೊಬ್ಬರು ಅಳಿವೆಯ ಬಾಯಿಯ ತನಕ ಕರೆದೊಯ್ದರು. ವಯಸ್ಸು ಅರವತ್ತೈದು ದಾಟಿದೆ, ಹುಟ್ಟಿದ್ದು ಬೆಳೆದದ್ದು ಇದೇ ನೀರಿನಲ್ಲಿ.

"ಮೊದಲು ಇಲ್ಲಿ ಬಳಚು ಬುಟ್ಟಿಗಟ್ಟಲೆ ಸಿಗ್ತಿತ್ತು. ಈಗ ಬೇಕಾದ್ರೆ ಅಘನಾಶಿನಿ ಕಡೆಯಿಂದ ತರಬೇಕು" ಎಂದರು. ಬಳಚು ಅಂದರೆ ಅಳಿವೆಯ ಚಿಪ್ಪುಮೀನು. ಕಾರಣ ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಹೊಳೆಗೆ ಉಪ್ಪು ಏರುವ ಕಾಲ, ಇಳಿಯುವ ಕಾಲ ಅಂತ ಇತ್ತು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಅಣೆಕಟ್ಟುಗಳು ಬಂದ ಮೇಲೆ ವಿದ್ಯುತ್ತಿಗೆಂದು ಬಿಟ್ಟ ನೀರು ವರ್ಷವಿಡೀ ಹರಿದು ಬರುತ್ತದೆ, ಅಳಿವೆ ಬೇಸಿಗೆಯಲ್ಲೂ ಸಪ್ಪೆ. ಅಣೆಕಟ್ಟಿಲ್ಲದ ಅಘನಾಶಿನಿ ಹಳೆಯ ಲೆಕ್ಕದಲ್ಲೇ ನಡೆಯುತ್ತಿದೆ, ಅಲ್ಲಿ ಬಳಚು ಉಳಿದಿದೆ. "ನೀರು ಸಮುದ್ರಕ್ಕೆ ಸುಮ್ಮನೆ ಹೋಗ್ತದೆ ಅಂತಾರಲ್ಲ, ಸುಮ್ಮನೆ ಎಲ್ಲಿ ಹೋಗ್ತದೆ? ಅದು ಬಂದ್ರೆ ತಾನೆ ಮೀನು ಬರೂದು?" ಇದನ್ನು ಅವರು ನನಗೆ ಹೇಳಿದರೂ ನೋಟ ಇವಳ ಕಡೆಗಿತ್ತು. ಬೇಡ್ತಿ ಹೊಳೆಯ ನೀರನ್ನು ವರದೆಗೆ ತಿರುಗಿಸಿ ಬಯಲುಸೀಮೆಗೆ ಕೊಡುವ ಯೋಜನೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟು ವಿರೋಧವಿದೆಯೋ, ಇವಳ ಜಿಲ್ಲೆಯಲ್ಲಿ ಅದಕ್ಕೆ ಅಷ್ಟೇ ಕಾತರವಿದೆ. ಇವಳು ರಾಯಚೂರಿನವಳು ಎಂದು ಅವರಿಗೆ ಆಗಲೇ ಹೇಳಿಬಿಟ್ಟಿದ್ದೆ.

ಈ ಅಳಿವೆ ಚಿಕ್ಕದು, ಆದರೆ ಒಂದು ಕಾಲದಲ್ಲಿ ದೊಡ್ಡ ದೊಡ್ಡವರ ಕಣ್ಣು ಇದರ ಮೇಲಿತ್ತು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿಯಲು ನೆರವಾದ ತಿಮ್ಮೋಜನ ನೆಲೆ ಈ ಹೊನ್ನಾವರವೇ. ಘಟ್ಟದ ಮೇಲಿನ ದೊರೆಗಳಿಗೆ ಈ ಕರಾವಳಿ ಏಕೆ ಬೇಕಿತ್ತು ಎಂದರೆ, ಕುದುರೆ. ದಖ್ಖನ್ನಿನ ನೆಲದಲ್ಲಿ ಯುದ್ಧಕ್ಕೆ ತಕ್ಕ ಕುದುರೆಗಳು ಹುಟ್ಟಿ ಬೆಳೆಯುವುದು ಕಷ್ಟ. ಅರಬ್ಬಿನಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಅದೇ ಘಟ್ಟದಿಂದ ಕಾಳುಮೆಣಸು ಕೆಳಗಿಳಿಯುತ್ತಿತ್ತು. ಶಾಲೆಯಲ್ಲಿ ನಮಗೆ ರಾಜರ ಹೆಸರು ಬಾಯಿಪಾಠ ಮಾಡಿಸಿದರೇ ಹೊರತು ಈ ಇಳಿಜಾರನ್ನು ಯಾರೂ ತೋರಿಸಲಿಲ್ಲ. ಅದು ನನಗೆ ಈಗಲೂ ನೋವಿನ ವಿಷಯ.

ದಿನ 2: ಗೇರುಸೊಪ್ಪ, ಘಟ್ಟ

ಹೊನ್ನಾವರದಿಂದ ಗೇರುಸೊಪ್ಪಕ್ಕೆ ಮೂವತ್ತು ಕಿಲೋಮೀಟರು. ದಾರಿಯುದ್ದಕ್ಕೂ ಒಂದು ಕಡೆ ಹೊಳೆ, ಇನ್ನೊಂದು ಕಡೆ ತೋಟ. ಹಿಂದೆ ಇಲ್ಲಿಯ ತನಕ ದೋಣಿಗಳು ಬರುತ್ತಿದ್ದವು. ಅಲ್ಲಿಂದ ಮುಂದೆ ಗೋಡೆಯಂಥ ಘಟ್ಟ. ದೋಣಿ ನಿಂತು ಎತ್ತು ಹೊರಡುವ ಜಾಗದಲ್ಲಿ ಪಟ್ಟಣವೊಂದು ಹುಟ್ಟದೆ ಇರುತ್ತದೆಯೇ? ಆ ಪಟ್ಟಣಕ್ಕೆ ಹಿಂದೆ ನಗಿರೆ ಎಂಬ ಹೆಸರೂ ಇತ್ತು. 16ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು.

ಚತುರ್ಮುಖ ಬಸದಿ ಹೊಳೆಯ ಆಚೆ ದಂಡೆಯ ಕಾಡಿನೊಳಗೆ, ನಗರಬಸ್ತಿಕೇರಿಯಲ್ಲಿದೆ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಎತ್ತರದ ಜಗಲಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕು ಕಡೆಗೂ ಮುಖ ಮಾಡಿದ ತೀರ್ಥಂಕರರು. ಒಂದು ಬಾಗಿಲಲ್ಲಿ ನಿಂತರೆ ಎದುರಿಗೆ ಕಾಡು, ಇನ್ನೊಂದರಲ್ಲಿ ನಿಂತರೂ ಕಾಡೇ. ಸುತ್ತ ಇದ್ದ ಊರೆಲ್ಲ ಎಲೆಯಡಿ ಮಣ್ಣಾಗಿದೆ. ಕಾಲಿಗೆ ಇಂಬಳ ಹತ್ತುತ್ತದೆ, ನವೆಂಬರಿನಲ್ಲೂ. ಸುಣ್ಣವನ್ನೋ ಹೊಗೆಸೊಪ್ಪನ್ನೋ ಜೊತೆಗಿಟ್ಟುಕೊಂಡರೆ ಒಳ್ಳೆಯದು. ಬಯಲಲ್ಲಿ ಹುಟ್ಟಿದ ಇವಳಿಗೆ ಹೆಂಡದಂತೆ ಘಮ್ಮೆನ್ನುವ ಕೊಳೆತ ಎಲೆಯ ವಾಸನೆ ಹಿಡಿಸಲೇ ಇಲ್ಲ. "ಇಲ್ಲಿ ಆಕಾಶಾನ ಕಾಣಂಗಿಲ್ಲಲ್ರೀ" ಎಂದಳು.

ಚಹಾದಂಗಡಿಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜಿನದೇ ಮಾತು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ, ಕೆಳಕ್ಕೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆ. ಕಾಡು ಹೋಗುತ್ತದೆ, ಸಿಂಗಳೀಕದ ನೆಲೆ ಒಡೆಯುತ್ತದೆ ಎಂಬ ಆತಂಕ ಅಲ್ಲಿ ಕೂತ ಪ್ರತಿಯೊಬ್ಬರಲ್ಲೂ ಇತ್ತು. ನನ್ನಲ್ಲೂ ಇದೆ.

ಘಟ್ಟದ ಒಂದು ತಿರುವಿನಲ್ಲಿ ಲಾರಿ ಕೆಟ್ಟು ನಿಂತು ಒಂದೂವರೆ ತಾಸು ಅಲ್ಲೇ ಕೂತೆವು. ಲಾರಿಯಲ್ಲಿದ್ದದ್ದು ಗಂಗಾವತಿ ಅಕ್ಕಿ, ಕರಾವಳಿಗೆ ಇಳಿಯುತ್ತಿತ್ತು. ಪೋರ್ಚುಗೀಸರು ನಮ್ಮ ಕರಾವಳಿಯ ಬಂದರುಗಳಿಂದ ಹಡಗು ತುಂಬಾ ಅಕ್ಕಿ ಒಯ್ಯುತ್ತಿದ್ದರು. ಈಗ ನಮ್ಮ ಊಟದ ಅಕ್ಕಿ ಬಯಲಿನಿಂದ ಬರುತ್ತದೆ. ಚಾಲಕನಿಗೆ ನಮ್ಮ ಬುತ್ತಿಯ ಅವಲಕ್ಕಿ ಕೊಟ್ಟೆವು. ಮರದ ಮೇಲೆ ಎರಡು ಸಿಂಗಳೀಕಗಳು ಬಿಳಿ ಕೇಸರ ಕೆದರಿಕೊಂಡು ಕೂತಿದ್ದವು. ದಯವಿಟ್ಟು ಅವಕ್ಕೆ ತಿನ್ನಲು ಏನೂ ಹಾಕಬೇಡಿ. ರಸ್ತೆಗೆ ಇಳಿಯುವ ಅಭ್ಯಾಸವಾದರೆ ಅವು ಗಾಡಿಗೆ ಸಿಕ್ಕೇ ಸಾಯುತ್ತವೆ.

ಜೋಗದಲ್ಲಿ ನೀರು ನೂಲಿನಷ್ಟು. 253 ಮೀಟರ್ ಬಂಡೆಯನ್ನು ಇಡಿಯಾಗಿ ನೋಡಲು ಅದೇ ಅನುಕೂಲ. ಕತ್ತಲಾಗುವುದರೊಳಗೆ ಸಾಗರ ಸೇರಿದೆವು.

ದಿನ 3: ವರದಾಮೂಲ

ಇಡೀ ಪ್ರಯಾಣದಲ್ಲಿ ನನಗೆ ಅತಿ ಮುಖ್ಯವಾದ ದಿನ ಇದು.

ನಾವು ಉಳಿದ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರ ಹಿರಿಯರ ಮನೆ, ತೋಟ ಎಲ್ಲಾ ನೀರಿಗೆ ಹೋಯಿತು. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಅಂದಿನಿಂದ ಲಾಂಚನ್ನೇ ನಂಬಿ ಬದುಕಿದರು. ಬಸುರಿ ಹೆಂಗಸಿಗೆ ರಾತ್ರಿ ನೋವು ಬಂದರೆ ಬೆಳಗಿನ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಗೆ ಅರವತ್ತು ವರ್ಷ ಹಿಡಿಯಿತು. ನಾಡಿಗೆಲ್ಲ ಬೆಳಕು ಕೊಟ್ಟವರನ್ನು ನಾವು ಇಷ್ಟು ಕಾಯಿಸಬಾರದಿತ್ತು. ಮನೆಯ ಯಜಮಾನರು ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದರು, ಒಂದೆಲಗದ ತಂಬುಳಿ ಬಡಿಸುತ್ತಾ.

ವರದಾಮೂಲ ಸಾಗರದಿಂದ ಆರೇ ಕಿಲೋಮೀಟರು. ಬೆಟ್ಟವಿಲ್ಲ, ಕಣಿವೆಯಿಲ್ಲ. ಅಡಿಕೆ ತೋಟಗಳ ನಡುವೆ ಒಂದು ದೇವಸ್ಥಾನ, ಕಲ್ಲು ಕಟ್ಟಿದ ಕೊಳ. ಆ ಕೊಳದಲ್ಲಿ ಹುಟ್ಟುವ ನೀರೇ ವರದಾ ನದಿ. ಅರಬ್ಬೀ ಸಮುದ್ರ ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಅರವತ್ತೈದು ಕಿಲೋಮೀಟರು ಅಷ್ಟೆ. ಆದರೆ ನೀರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಬನವಾಸಿ ಬಳಸಿ, ಗಳಗನಾಥದಲ್ಲಿ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಸುಮಾರು ಸಾವಿರ ಕಿಲೋಮೀಟರು ನಡೆಯುತ್ತದೆ. ಇದೇ ತಾಲೂಕಿನಲ್ಲಿ, ಇದೇ ಮೋಡದಿಂದ ಸ್ವಲ್ಪ ಪಶ್ಚಿಮಕ್ಕೆ ಬಿದ್ದ ಹನಿ ಶರಾವತಿ ಸೇರಿ ನಮ್ಮೂರಿಗೆ ಬರುತ್ತದೆ.

ಇಷ್ಟು ದೊಡ್ಡ ತೀರ್ಮಾನ ಆಗುವ ಜಾಗ ಎಷ್ಟು ಸಪ್ಪಗಿದೆ ಎಂದರೆ, ಗೊತ್ತಿಲ್ಲದಿದ್ದರೆ ದಾಟಿ ಹೋಗಿಬಿಡುತ್ತೇವೆ. ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಪಶ್ಚಿಮದ ಅಂಚು ಮಾತ್ರ ಕಡಿದಿಟ್ಟಂತೆ ನಿಂತಿದೆ. ಹಾಗಾಗಿ ನಮ್ಮ ಹೊಳೆಗಳು ಗಿಡ್ಡ, ರಭಸದವು. ಶರಾವತಿಯ ಪೂರ್ತಿ ಉದ್ದವೇ 128 ಕಿಲೋಮೀಟರು. ಅವರ ಹೊಳೆಗಳು ಉದ್ದ, ನಿಧಾನದವು. ಮೋಡಗಳೂ ಈ ಅಂಚಿಗೆ ಬಡಿದು ಇಲ್ಲೇ ಸುರಿದುಬಿಡುತ್ತವೆ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆ ರಾಯಚೂರಿಗೆ ಹೋಗುವಷ್ಟರಲ್ಲಿ ಆರು-ಏಳುನೂರಕ್ಕೆ ಇಳಿದಿರುತ್ತದೆ.

ಇವಳು ಕೊಳದಿಂದ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡಳು. ಯಾರಿಗೆಂದು ಕೇಳಿದೆ. "ಅವ್ವಗ. ನಮ್ಮ ಕಾಲುವಿ ನೀರು ಎಲ್ಲಿಂದ ಬರತೈತಿ ಅಂತ ತೋರಸ್ತೀನಿ."

ಇಕ್ಕೇರಿಯ ಅಘೋರೇಶ್ವರ ಹತ್ತಿರವೇ. ಕೆಳದಿ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಒಯ್ದರು. ಪ್ರತಿ ಸಲವೂ ಇನ್ನಷ್ಟು ದಟ್ಟ ಮಳೆಕಾಡಿನೊಳಕ್ಕೆ, ಘಟ್ಟದ ದಾರಿಗಳಿಗೆ ಇನ್ನಷ್ಟು ಹತ್ತಿರಕ್ಕೆ. ಮಳೆಯೇ ಅವರ ಕೋಟೆ. 1763ರಲ್ಲಿ ಹೈದರಾಲಿ ಹಿಡಿಯುವ ತನಕ ಆ ಕೋಟೆ ಉಳಿಯಿತು.

ದಿನ 4: ಬನವಾಸಿ, ಹಾನಗಲ್ಲು, ಹಾವೇರಿ

ಬನವಾಸಿಯನ್ನು ವರದೆ ಮೂರು ಕಡೆಯಿಂದ ತಬ್ಬಿಕೊಂಡು ಹರಿಯುತ್ತದೆ. ಕನ್ನಡಿಗರ ಮೊದಲ ರಾಜವಂಶ ಎನ್ನುವ ಕದಂಬರು 4ನೇ ಶತಮಾನದಲ್ಲಿ ಈ ಬಾಗನ್ನೇ ಆರಿಸಿಕೊಂಡರು. ಹಿಂದೆ ಕಾಡು, ಮುಂದೆ ಗದ್ದೆ ಬಯಲು. ಮಧುಕೇಶ್ವರನ ಗುಡಿ ನೋಡಿ ಹೊರಬಂದರೆ ರಸ್ತೆಬದಿಯಲ್ಲಿ ಅನಾನಸ್ ರಾಶಿ. ಅಲ್ಲೇ ಕೊಯ್ಸಿ ತಿನ್ನಿ, ಉಪ್ಪುಖಾರ ಹಚ್ಚದೆ.

ಬನವಾಸಿಯಿಂದ ಹಾನಗಲ್ಲಿನ ಕಡೆಗೆ ಹೋಗುವಾಗ ನಾನು ಗಾಡಿಯ ವೇಗ ಬೇಕೆಂದೇ ಇಳಿಸಿದೆ. ಇಷ್ಟು ವರ್ಷ ನಿದ್ದೆಯಲ್ಲಿ ದಾಟಿದ್ದ ಗಡಿ ಇದು. ಅಡಿಕೆ ತೋಟಗಳು ತುಂಡು ತುಂಡಾದವು. ಭತ್ತದ ಪಕ್ಕದಲ್ಲಿ ಗೋವಿನಜೋಳ ಬಂತು. ಮಾಡಿನ ಇಳಿಜಾರು ಕಡಿಮೆಯಾಗುತ್ತಾ ಬಂತು. ನಮ್ಮಲ್ಲಿ ಮಳೆನೀರು ಜಾರಿಹೋಗಲೆಂದು ಕಡಿದಾಗಿ ಇಳಿಸುವ ಮಾಡು ಇಲ್ಲಿ ಅರ್ಧಕ್ಕೆ ಚಪ್ಪಟೆಯಾಗಿ, ಹಾವೇರಿ ದಾಟಿದ ಮೇಲೆ ಪೂರ್ತಿ ಮಣ್ಣಿನ ಮಾಳಿಗೆಯಾಗಿಬಿಟ್ಟಿತು. ಮಧ್ಯಾಹ್ನ ಹಾನಗಲ್ಲಿನ ಖಾನಾವಳಿಯಲ್ಲಿ ಕೂತಾಗ ಮಾಣಿ ಕೇಳಿದ: "ರೊಟ್ಟಿನೋ, ಅನ್ನಾನೋ?" ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಇವಳ ಮುಖ ಅರಳಿತು.

ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ, ಆದರೂ ಊರು ಹೆಸರಾದದ್ದು ಏಲಕ್ಕಿ ಹಾರಕ್ಕೆ. ಘಟ್ಟದ ಏಲಕ್ಕಿ ಇಲ್ಲಿ ಹದವಾಗಿ ಮುಂದೆ ಹೋಗುತ್ತಿದ್ದ ಕಾಲದ ನೆನಪು ಅದು. ಎರಡು ಸೀಮೆಗಳ ನಡುವಿನ ಊರುಗಳು ಹೀಗೆ ಬೆಳೆಯುತ್ತವೆ.

ದಿನ 5: ಗಳಗನಾಥದ ಕೆಸರು

ಹಿಂದಿನ ರಾತ್ರಿ ವಾಯುಭಾರ ಕುಸಿತದ ಮಳೆ. ಬಂಗಾಳಕೊಲ್ಲಿ ತನ್ನ ಪಾಲಿನ ನೀರನ್ನು ಸ್ವಲ್ಪ ವಾಪಸು ಕಳಿಸಿತ್ತು. ಗುತ್ತಲದ ಮೇಲೆ ಗಳಗನಾಥಕ್ಕೆ ಹೋದೆವು. ಗಳಗೇಶ್ವರ ಗುಡಿಯ ಬುಡ ಪಿರಮಿಡ್ಡಿನ ಹಾಗೆ ಅಗಲವಾಗಿ ಹರಡಿದೆ. ಆಚೆ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ಎರಡು ದಿನದ ಹಿಂದೆ ಬೊಗಸೆಯಲ್ಲಿ ಹಿಡಿದಿದ್ದ ನೀರು ಇಲ್ಲಿ ಇಷ್ಟಗಲ.

ಬರುವಾಗ ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಗಾಡಿಯನ್ನು ಹೊಲದ ಅಂಚಿಗೆ ಇಳಿಸಿದೆ. "ಬ್ಯಾಡ್ರೀ, ಎರಿ ಐತಿ!" ಎಂದು ಇವಳು ಕೂಗುವಷ್ಟರಲ್ಲಿ ಎರಡು ಚಕ್ರ ಹೂತಿದ್ದವು. ನಮ್ಮ ಕೆಂಪು ಮಣ್ಣು, ಚಿರೆಕಲ್ಲಿನ ನೆಲ ಎಷ್ಟು ಮಳೆ ಬಂದರೂ ಸೋಸಿ ಬಿಡುತ್ತದೆ. ಎರೆ ಬಿಡುವುದಿಲ್ಲ. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಮೆತ್ತಿತು. ಬೆರಳಲ್ಲಿ ತೆಗೆದರೆ ಬೆಣ್ಣೆಯಷ್ಟು ನುಣುಪು, ಕಪ್ಪು, ಅಂಟು. ಇದೇ ಮಣ್ಣು ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಹೀರಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವುದರಿಂದಲೇ ಮಳೆ ನಿಂತ ಮೇಲೂ ಇಲ್ಲಿ ಬಿಳಿಜೋಳ, ಕಡಲೆ, ಹತ್ತಿ ಬರುತ್ತವೆ.

ಟ್ರ್ಯಾಕ್ಟರಿನವನೇ ಹಗ್ಗ ಕಟ್ಟಿ ಎಳೆದ. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. "ಮಳಿ ಬಂದ ಮರುದಿನ ಎರಿಗೆ ಎತ್ತೂ ಇಳಸಂಗಿಲ್ರೀ ಸರ" ಎಂದಷ್ಟೇ ಹೇಳಿದ. ಆ ಕಡೆ ಹೋಗುವವರು ಈ ಮಾತನ್ನು ನೆನಪಿಡಿ. ಹಡಗಲಿಯಲ್ಲಿ ಇವಳು ಎರಡು ಮೊಳ ಮಲ್ಲಿಗೆ ಕೊಂಡಳು. ಕಾರಿನ ಕೆಸರಿನ ವಾಸನೆಯ ಜೊತೆ ಅದರ ಘಮ ಹೊಸಪೇಟೆಯ ತನಕ ಬಂತು.

ದಿನ 6: ಆನೆಗೊಂದಿಯಿಂದ ಮಸ್ಕಿಗೆ

ಹಂಪಿಯ ಗುಡಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ನೋಡಬೇಕೆಂದದ್ದು ಬಂಡೆ ಮತ್ತು ಹೊಳೆ. ಆನೆಗೊಂದಿಯ ಕಡೆಯಿಂದ, ಅಂದರೆ ಉತ್ತರದ ದಂಡೆಯಿಂದ ನಿಂತು ನೋಡಿದರೆ ರಾಜಧಾನಿಯನ್ನು ದಕ್ಷಿಣದ ದಂಡೆಗೆ ಏಕೆ ಒಯ್ದರು ಅನ್ನುವುದು ಕಣ್ಣಿಗೇ ಕಾಣುತ್ತದೆ. ಬಂಡೆಗಳ ನಡುವೆ ನುಗ್ಗುವ ತುಂಗಭದ್ರೆಯನ್ನು ಕುದುರೆ ದಂಡು ಸುಲಭವಾಗಿ ದಾಟಲಾರದು. ದಾಟಿದರೂ ಗುಡ್ಡಗಳೇ ಕೋಟೆಗೋಡೆ. ಅದೇ ಹೊಳೆಯಿಂದ ತೆಗೆದ, 'ತುರ್ತು' ಎಂಬ ಹೆಸರಿನ ಹಳೆಯ ಕಾಲುವೆ ಇಂದಿಗೂ ಬಾಳೆ, ಕಬ್ಬಿಗೆ ನೀರುಣಿಸುತ್ತಿದೆ.

ಗಂಗಾವತಿ ದಾಟಿದ ಮೇಲೆ ಎರಡೂ ಕಡೆ ಭತ್ತ. ಕಟಾವು ಯಂತ್ರಗಳು ರಸ್ತೆ ತುಂಬಾ, ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು. ನಿಧಾನಕ್ಕೆ ಹೋಗಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲಿನ ಭೂಗೋಳ ಇದು. ಎಡದಂಡೆ ಕಾಲುವೆಯ ಬೆನ್ನಿಗೆ ಆಂಧ್ರದ ರೈತರು ಬಂದು ನೆಲೆಸಿದ ಊರುಗಳ ಹೆಸರಿನ ಕೊನೆಗೆಲ್ಲ 'ಕ್ಯಾಂಪ್'. ಸಿಂಧನೂರಿನ ಬಳಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳೂ ಇವೆ. ಅಲ್ಲಿಯ ಅಂಗಡಿಯಲ್ಲಿ ಒಬ್ಬ ಅಜ್ಜಿ ಬಂಗಾಳಿ ಉಚ್ಚಾರದ ರಾಯಚೂರು ಕನ್ನಡದಲ್ಲಿ ಮೀನಿನ ಚೌಕಾಶಿ ಮಾಡುತ್ತಿದ್ದಳು. ಆ ಧ್ವನಿ ಇನ್ನೂ ಕಿವಿಯಲ್ಲಿದೆ.

ಸಂಜೆ ಮಸ್ಕಿಯ ಗುಡ್ಡ. ಬಂಡೆಯ ಮರೆಯಲ್ಲಿ ಅಶೋಕನ ಶಾಸನ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡುಹಿಡಿದದ್ದು. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲಿದ್ದದ್ದು ದೇವಾನಾಂಪ್ರಿಯ ಎಂಬ ಬಿರುದು. ಆ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಇದು. ಪಾಟಲಿಪುತ್ರದ ದೊರೆಗೆ ಈ ದೂರದ ಗುಡ್ಡ ಏಕೆ ಬೇಕಿತ್ತೋ, ಎಂಜಿನಿಯರ್ ಇಲ್ಲಿಗೆ ಏಕೆ ಬಂದನೋ, ಎರಡಕ್ಕೂ ಉತ್ತರ ನೆಲದಡಿಯ ಚಿನ್ನವೇ ಇರಬೇಕು ಎಂದು ನನಗನ್ನಿಸುತ್ತದೆ. ಹಟ್ಟಿ ಗಣಿ ಇಲ್ಲಿಂದ ದೂರವಿಲ್ಲ.

ರಾತ್ರಿ ಅತ್ತೆ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಡಿಸಿದರು. ಇವಳು ಕೊಟ್ಟ ಬಾಟಲಿಯನ್ನು ದೇವರ ಮುಂದೆ ಇಟ್ಟರು.

ದಿನ 7: ರಾಯಚೂರು, ಕಾಲುವೆಯ ಕೊನೆ

ಬೆಳಗ್ಗೆ ಮಾವನ ಜೊತೆ ರಾಯಚೂರು ಕೋಟೆಗೆ ಹೋಗಿಬಂದೆವು. 1294ರ ಶಾಸನವಿರುವ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲು ಗೋಡೆಯಲ್ಲಿದೆ. ಹತ್ತಿರದಲ್ಲೇ ಆ ಕಲ್ಲನ್ನು ತಂದ ಬಗೆಯ ರೇಖಾಚಿತ್ರ ಕೊರೆದಿದ್ದಾರೆ. ಗಟ್ಟಿ ಚಕ್ರದ ಬಂಡಿ, ಅದರ ಮುಂದೆ ಕೋಣಗಳ ಉದ್ದನೆಯ ಸಾಲು, ಚಕ್ರದ ಹಿಂದೆ ಸನ್ನೆಗೋಲು ಹಾಕಿ ಮೀಟುವ ಆಳುಗಳು. ರಾಜನ ಚಿತ್ರವಿಲ್ಲ, ಎಳೆದವರದು ಇದೆ. ನಾನು ಬಹಳ ಹೊತ್ತು ಅಲ್ಲೇ ನಿಂತೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಬಹಮನಿಯವರೂ ಅವರ ನಂತರ ಬಿಜಾಪುರದ ಆದಿಲ್ ಶಾಹಿಗಳೂ ವಿಜಯನಗರದವರ ಜೊತೆ ಸುಮಾರು ಇನ್ನೂರು ವರ್ಷ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಗೆದ್ದದ್ದು ಇದೇ ಕೋಟೆಯನ್ನು. ಹೊನ್ನಾವರದಲ್ಲಿ ಇಳಿದ ಕುದುರೆಗಳ ದಾರಿ ಬಂದು ಮುಟ್ಟುವುದು ಇಲ್ಲಿಗೇ.

ಮಧ್ಯಾಹ್ನ ಮಾವ ಹೊಲಕ್ಕೆ ಕರೆದೊಯ್ದರು. ಅವರದು ಎಡದಂಡೆ ಕಾಲುವೆಯ ಕೊನೆಯ ಭಾಗ. ಮೇಲಿನವರು ಭತ್ತಕ್ಕೆ ತಿರುಗಿಸಿಕೊಂಡ ಮೇಲೆ ಉಳಿದದ್ದು ಇಲ್ಲಿಗೆ. ಉಪಕಾಲುವೆಯಲ್ಲಿ ನೀರು ನನ್ನ ಹಿಮ್ಮಡಿ ಮುಚ್ಚುವಷ್ಟಿತ್ತು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ಊರಿನಲ್ಲಿ ಯಾರೂ ಮಲಗಿರಲಿಲ್ಲವಂತೆ.

"ಅಲ್ರೀ ಅಳಿಯಾರ, ನಿಮ್ಮ ಕಡಿ ಅಷ್ಟು ನೀರು ಸುಮ್ನ ಸಮುದ್ರ ಪಾಲಾಗತೈತಿ ಅಂತಾರ. ಅದರಾಗ ಒಂದೀಟು ಈ ಕಡಿ ಬಂದ್ರ ನಿಮಗೇನು ಕಡಿಮಿ ಆಗತೈತಿ?"

ಅವರ ಪ್ರಶ್ನೆಯಲ್ಲಿ ಆಸೆಬುರುಕತನ ಇರಲಿಲ್ಲ. ಅರ್ಧ ಒಡೆದ ಹತ್ತಿಯ ಕಾಯಿಯನ್ನು ಕೈಯಲ್ಲಿ ತಿರುವುತ್ತಾ ಕೇಳಿದರು. ನಾನು ದೋಣಿಯವರ ಬಳಚಿನ ಮಾತು ಹೇಳಿದೆ. ಉಪ್ಪು ಏರುವ ಕಾಲ, ಇಳಿಯುವ ಕಾಲ, ತುಮರಿಯ ಲಾಂಚು, ಎಲ್ಲವನ್ನೂ ಹೇಳಿದೆ. ಅವರು ಸಮುದ್ರವನ್ನು ನೋಡಿದವರಲ್ಲ. ಮಗಳ ಮದುವೆಗೆ ಬಂದಾಗಲೂ ಕೊಯ್ಲಿನ ಗಡಿಬಿಡಿಯಲ್ಲಿ ಮರುದಿನವೇ ಹೊರಟಿದ್ದರು. ತುಸು ಹೊತ್ತು ಸುಮ್ಮನಿದ್ದು ಕೇಳಿದರು, "ಸಿಹಿನೀರು ಹೆಚ್ಚಾದ್ರ ಮೀನು ಸಾಯ್ತಾವಾ?"

"ಹತ್ತಿ ಬಿಡಿಸಿದ ಮೇಲೆ ಬನ್ನಿ ಮಾವ. ಇಳ್ತದ ಹೊತ್ತಿಗೆ ಅಳಿವೆಗೆ ಹೋಗೋಣ, ದೋಣಿಯವರನ್ನೇ ಕೇಳೋಣ" ಎಂದೆ. ಮಾರ್ಚಿನಲ್ಲಿ ಬರುವುದೆಂದಾಯಿತು.

ಮರುದಿನ ಹೊರಡುವಾಗ ಅತ್ತೆ ಡಿಕ್ಕಿ ತೆರೆಸಿದರು. ತೆಂಗಿನಕಾಯಿ, ಮೆಣಸು ಇಳಿದ ಜಾಗಕ್ಕೆ ಬಿಳಿಜೋಳದ ಒಂದು ಚೀಲ, ತೊಗರಿಬೇಳೆ, ಶೇಂಗಾ, ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ ಬಂದವು. ದಾರಿಯಲ್ಲಿ ಅಮ್ಮನ ಫೋನು: ಹಾವೇರಿ ಮೇಲೆ ಬರುವುದಾದರೆ ಎರಡು ಕೆಜಿ ಬ್ಯಾಡಗಿ ಮೆಣಸಿನಕಾಯಿ ತರಬೇಕಂತೆ, ಮೀನುಸಾರಿಗೆ ಮನೆಯಲ್ಲಿ ಮುಗಿದಿದೆ.